ಒಂದೇ ಗಾಳಿಗೆ ಎರಡು ಅಂಕಿ

ಬೆಳಗಿನ ನಡಿಗೆಗೆ ಹೊರಡುವ ಮುನ್ನ ಮೊಬೈಲಿನಲ್ಲಿ ಗಾಳಿಯ ಗುಣಮಟ್ಟ ನೋಡಿದರೆ, ಒಂದು ಆ್ಯಪ್ 92 ಎಂದು ಸಮಾಧಾನ ಹೇಳುತ್ತದೆ, ಅದೇ ಹೊತ್ತಿಗೆ ಅದೇ ಜಾಗಕ್ಕೆ ಇನ್ನೊಂದು 151 ಎಂದು ಕೆಂಪಾಗಿ ಹೆದರಿಸುತ್ತದೆ. ಎರಡೂ ಸುಳ್ಳಲ್ಲ ಎಂಬುದೇ ನನ್ನ ಸಂಕಟ. ಯಂತ್ರ ಅಳೆಯುವುದು ಒಂದು ಘನ ಮೀಟರ್ ಗಾಳಿಯಲ್ಲಿ ಎಷ್ಟು ಮೈಕ್ರೋಗ್ರಾಂ ಕಣಗಳಿವೆ ಎಂಬುದನ್ನು. ಅದನ್ನು ಸೂಚ್ಯಂಕಕ್ಕೆ ಇಳಿಸುವಾಗ ಒಂದೊಂದು ದೇಶವೂ ತನ್ನದೇ ಕೋಷ್ಟಕ ಬಳಸುತ್ತದೆ, ಯಾವ ಕೋಷ್ಟಕವೆಂದು ಆ್ಯಪ್ ಮಾತ್ರ ಬಾಯಿಬಿಡುವುದಿಲ್ಲ.

ಸಾಲದೆಂಬಂತೆ, ಎಷ್ಟೋ ಕಡೆ ತೋರಿಸುವುದು 24 ಗಂಟೆಗಳ ಸರಾಸರಿ. ಪಕ್ಕದಲ್ಲಿ ಯಾರೋ ಕಸಕ್ಕೆ ಬೆಂಕಿಯಿಟ್ಟು ನನ್ನ ಗಂಟಲು ಕೆರೆಯುತ್ತಿರುವಾಗಲೂ ಪರದೆಯ ಮೇಲಿನ ಅಂಕಿ ನಿನ್ನೆಯ ನೆಮ್ಮದಿಯಲ್ಲೇ ಇರುತ್ತದೆ. (ಮನೆಗೆ ತಂದ ಅಗ್ಗದ ಲೇಸರ್ ಮಾಪಕವೋ, ಮಂಜು ಕವಿದ ದಿನ ನೀರಿನ ಹನಿಗಳನ್ನೂ ಧೂಳೆಂದೇ ಎಣಿಸುತ್ತದೆ.)

ತಲೆಗೂದಲಿನ ದಪ್ಪದ ಸುಮಾರು ಮೂವತ್ತನೇ ಒಂದು ಭಾಗದಷ್ಟಿರುವ 2.5 ಮೈಕ್ರಾನಿನ ಕಣಗಳು ಶ್ವಾಸಕೋಶದ ಆಳಕ್ಕಿಳಿದು, ಅವುಗಳಲ್ಲಿ ಅತಿ ಸಣ್ಣವು ರಕ್ತವನ್ನೂ ಸೇರಿ, ಹೃದಯಾಘಾತ ಮತ್ತು ಪಾರ್ಶ್ವವಾಯುವಿನ ಅಪಾಯವನ್ನು ಹೆಚ್ಚಿಸುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇವುಗಳಿಗೆ ದಿನದ ಮಿತಿಯನ್ನು 15 ಮೈಕ್ರೋಗ್ರಾಂ, ವರ್ಷದ ಮಿತಿಯನ್ನು 5 ಎಂದು ಸೂಚಿಸಿದೆ. ಇಷ್ಟು ನೇರವಾದ ಅಳತೆ ಇರುವಾಗ, ಅದನ್ನು ಮೂರು ಪುಟಗಳ ಹಿಂದೆ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಅಡಗಿಸಿಟ್ಟು, ಮುಂದೆ ಬರೀ ನಗುಮುಖದ ಚಿತ್ರ ಅಂಟಿಸುವುದೇಕೆ?