ಹಾರಾಟದ ಸಮಯ ಅರ್ಧ ಗಂಟೆಯಲ್ಲ

ಮೈಸೂರು–ಚೆನ್ನೈ ವಿಮಾನದ ಬಗೆಗಿನ ನಿಮ್ಮ ಬರಹದಲ್ಲಿ, ಮೈಸೂರಿನಿಂದ ಚೆನ್ನೈಗೆ ನೇರ ಗೆರೆಯಲ್ಲಿ ಸುಮಾರು 390 ಕಿ.ಮೀ., ಹಾಗಾಗಿ ಅರ್ಧ ಗಂಟೆಯ ಹಾರಾಟ ಎಂದು ಬರೆದಿದ್ದೀರಿ. ದೂರ ಸರಿ, ಸಮಯ ಸರಿಯಲ್ಲ. ಅದು ಜೆಟ್ ವಿಮಾನದ ಲೆಕ್ಕ. ಮಂಡಕಳ್ಳಿಯಲ್ಲಿರುವ ಮೈಸೂರು ವಿಮಾನ ನಿಲ್ದಾಣದ ರನ್‌ವೇ 1,740 ಮೀಟರ್ ಅಷ್ಟೇ. ಅಲ್ಲಿಗೆ ಹೊಂದುವುದು ಎಟಿಆರ್‌ನಂಥ ಪ್ರೊಪೆಲ್ಲರ್ ವಿಮಾನ, ವೇಗ ಗಂಟೆಗೆ 500 ಕಿ.ಮೀ. ಆಸುಪಾಸು. ಮೇಲೇರುವ, ಇಳಿಯುವ, ರನ್‌ವೇವರೆಗೆ ಹೋಗುವ ಹೊತ್ತನ್ನೂ ಸೇರಿಸಿದರೆ ಒಂದು ಗಂಟೆ ದಾಟುತ್ತದೆ.

ಆದರೂ ನನಗೆ ಆ ವಿಮಾನವೇ ಬೇಕು. ನಾನು ಮಂಡ್ಯದವನು. ಮಂಡಿನೋವಿರುವ ಅಮ್ಮನನ್ನು ಚೆನ್ನೈನ ಅಕ್ಕನ ಮನೆಗೆ ಕಳಿಸಲು ದೇವನಹಳ್ಳಿಯ ಬೆಂಗಳೂರು ವಿಮಾನ ನಿಲ್ದಾಣಕ್ಕೆ ಹೋದರೆ ಬೆಂಗಳೂರು ದಾಟುವುದರಲ್ಲೇ ಅವರು ಸುಸ್ತಾಗುತ್ತಾರೆ. ಶ್ರೀರಂಗಪಟ್ಟಣದ ಮೇಲೆ ಮಂಡಕಳ್ಳಿಗೆ ಒಂದೂವರೆ ಗಂಟೆ ಸಾಕು. ಪ್ರಯಾಣದ ಸಮಯ ಅಂದರೆ ಮನೆ ಬಾಗಿಲಿನಿಂದ ಎಣಿಸಬೇಕು, ಅಲ್ವಾ?