ಉತ್ತರ ಸಹಿತ ಒಗಟುಗಳಂತೆ!

ಬೆಳಗ್ಗೆ ಮೊಬೈಲ್ ತೆಗೆದರೆ ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ಮತ್ತೆ ಅದೇ. 'ನೂರು ಒಗಟುಗಳು, ಉತ್ತರ ಸಹಿತ.' ಕಳಿಸಿದವರು ಚಿಕ್ಕಪ್ಪ, ಇನ್ಯಾರು! 'ಸಾವಿರಾರು ಹಕ್ಕಿಗಳು, ಒಂದೇ ಸಲ ನೀರಿಗಿಳೀತಾವೆ' ಅಂತ ಓದುವಷ್ಟರಲ್ಲಿ ಪಕ್ಕದಲ್ಲೇ 'ಅಕ್ಕಿ' ಅಂತ ಕೂತಿದೆ. ಮುಗೀತು. ಕೆಳಗೆ ಸಾಲಾಗಿ 'ಸೂಪರ್', 'ಸೂಪರ್'. ಏನು ಸೂಪರ್ ಮಾರಾಯ್ರೇ? ನೀವು ಬಿಡಿಸಿದ್ದೇನು?

ಪದಬಂಧದ ಉತ್ತರವನ್ನು ಹೆಗಲ ಮೇಲಿಂದ ಇಣುಕಿ ಹೇಳುವವರ ಜೊತೆ ಮಾತು ಬಿಡುವವಳು ನಾನು, ನಿಮಗೆ ಗೊತ್ತಿರೋದೇ. ಹಾಗಾಗಿ ಸಿಟ್ಟು ಸ್ವಲ್ಪ ಜಾಸ್ತಿ ಅನ್ನಿಸಿದರೆ ಸಹಿಸಿಕೊಳ್ಳಿ.

ಒಗಟಿನ ಮಜಾ ಇರುವುದೇ ತಪ್ಪು ಉತ್ತರಗಳಲ್ಲಿ. 'ಹಾರಿದರೆ ಹನುಮಂತ, ಕೂಗಿದರೆ ಶಂಖ' ಅಂದರೆ ಮೊದಲು ಕೋತಿ ಅನ್ನಬೇಕು, ಆಮೇಲೆ ಹುಂಜ ಅನ್ನಬೇಕು, ಬೈಸಿಕೊಳ್ಳಬೇಕು, ಆಮೇಲೆ ಕಪ್ಪೆ ಸಿಗಬೇಕು. 'ಅಜ್ಜಿಗೆ ಮೈಯೆಲ್ಲಾ ಕಜ್ಜಿ' ಅಂದರೆ ಒಬ್ಬರು ಹಾಗಲಕಾಯಿ ಅನ್ನುತ್ತಾರೆ, ಇನ್ನೊಬ್ಬರು ಹಲಸು ಅನ್ನುತ್ತಾರೆ. ಎರಡೂ ಸರಿಯೇ, ಅದಕ್ಕೇ ಜಗಳ. ಪಟ್ಟಿ ಮಾಡಿದವನು ಒಂದನ್ನು ಬರೆದು ಜಗಳವನ್ನೇ ಕೊಂದು ಹಾಕಿದ್ದಾನೆ.

ಇನ್ನೊಂದು ನೋಡಿ. 'ಅತ್ತೆ ಅಂದರೆ ಮುಟ್ಟಲ್ಲ, ಮಾವ ಅಂದರೆ ಮುಟ್ಟುತ್ತೆ.' ಸುಮ್ನೆ ಕಣ್ಣಲ್ಲಿ ಓದಿದರೆ ಏನೂ ಇಲ್ಲ. ಅತ್ತೆ, ಮಾವ, ಅತ್ತೆ, ಮಾವ ಅಂತ ಬಾಯಿ ಬಿಟ್ಟು ಹೇಳಬೇಕು. ಆ ಮನೆಯಲ್ಲಿ ಏನು ಗಲಾಟೆ ಅಂತ ನೀವು ತಲೆ ಕೆರೆದುಕೊಳ್ಳುತ್ತಿರುವಾಗ ತುಟಿಗೆ ತುಟಿ ತಗಲಿ ತಾನೇ ಸಿಕ್ಕಿಬೀಳುತ್ತದೆ. ಇದರ ಪಕ್ಕ 'ಉತ್ತರ: ತುಟಿ' ಅಂತ ಬರೆಯೋಕೆ ಕೈ ಹೇಗೆ ಬಂತೋ!

ಅಕ್ಷರದಾಟದ ಒಗಟಿಗಂತೂ ಇದು ಇನ್ನೂ ದೊಡ್ಡ ಅನ್ಯಾಯ. ಮೂರಕ್ಷರದ ಪದ, ಜನ ತುಂಬಿದ ಜಾಗ. ನಡುವಿನದು ತೆಗೆದರೆ ಮನುಷ್ಯ, ಕೊನೆಯದು ತೆಗೆದರೆ ಒಡವೆ. ಉತ್ತರ ನಾನು ಹೇಳಲ್ಲ.

ಇಂಗ್ಲೆಂಡಿನ ಎಕ್ಸೆಟರ್ ಕೆಥೆಡ್ರಲ್‌ನಲ್ಲಿ 10ನೇ ಶತಮಾನದ ಒಂದು ಹಸ್ತಪ್ರತಿ ಇದೆ. ಅದರಲ್ಲಿ 90ಕ್ಕೂ ಜಾಸ್ತಿ ಒಗಟುಗಳಿವೆ, ಉತ್ತರದ ಪಟ್ಟಿ ಇಲ್ಲ. ಕೆಲವಕ್ಕೆ ವಿದ್ವಾಂಸರು ಇವತ್ತಿಗೂ ಕಚ್ಚಾಡುತ್ತಿದ್ದಾರೆ. ದೂರ ಯಾಕೆ, ನಮ್ಮ ಕನಕದಾಸರು ಮುಂಡಿಗೆ ಅಂತ ಒಗಟಿನಂಥ ಹಾಡುಗಳನ್ನೇ ಹಾಡಿದರು, ಕೊನೆಗೆ 'ಉತ್ತರ ಸಹಿತ' ಅಂತ ಸೇರಿಸಿದರಾ?

'ಈಗಿನ ಮಕ್ಕಳು ಒನಕೆ, ಬೀಸುವ ಕಲ್ಲು ನೋಡಿಲ್ಲ, ಉತ್ತರ ಕೊಡದಿದ್ದರೆ ಹೇಗೆ?' ಅಂತ ಚಿಕ್ಕಪ್ಪನ ವಾದ. ನೋಡದೇ ಇರುವ ವಸ್ತುವಿನ ಹೆಸರು ಪಕ್ಕದಲ್ಲಿ ಬರೆದರೆ ಕಂಡುಬಿಡುತ್ತಾ? ಹೇಗೂ ಅದೇನು ಅಂತ ಕೇಳಲೇಬೇಕು. ಹಾಗಿದ್ದರೆ ಮೊದಲು ಸುಳಿವು ಕೇಳಲಿ, ಸೋತೆ ಅಂತ ಒಪ್ಪಿಕೊಳ್ಳಲಿ, ಆಮೇಲೆ ಹೇಳಿ. ಪತ್ರಿಕೆಯವರು ಉತ್ತರವನ್ನು ತಲೆಕೆಳಗಾಗಿಯಾದರೂ ಅಚ್ಚು ಹಾಕುತ್ತಿದ್ದರು, ಅಷ್ಟು ಮರ್ಯಾದೆ ಇತ್ತು.

ಮೇಲಿನ ಮೂರಕ್ಷರದ ಉತ್ತರವನ್ನು ಯಾರಾದರೂ ಕಾಮೆಂಟಲ್ಲಿ ಹಾಕಿದರೆ ಡಿಲೀಟ್ ಮಾಡ್ತೀನಿ. ನಿಮ್ಮದೂ ಸೇರಿ, ಚಿಕ್ಕಪ್ಪ.