ಥೇಮ್ಸ್ ದಂಡೆ ಮೇಲೆ ರೊಟ್ಟಿ ಗಂಟು ಬಿಚ್ಚಿದರೆ ಏನಾಗುತ್ತೆ?

ಸಿಟ್ಟು ಇಳಿಯೋ ಮೊದಲೇ ಬರೆದುಬಿಡ್ತೀನಿ. ನಾಳೆ ಬೆಳಿಗ್ಗೆ ಎದ್ದರೆ ಮತ್ತೆ ಒಳ್ಳೆ ಚಿಗವ್ವ ಆಗಿಬಿಟ್ಟಿರ್ತೀನಿ.

ಲಂಡನ್ನಿಗೆ, ಅಕ್ಕನ ಮಗನ ಮನೆಗೆ ಬಂದು ಎರಡು ವಾರ ಆಯ್ತು. ವಿಜಯಪುರ ಬಿಡುವಾಗ ತಿಂಡಿ ಕಟ್ಟಿದ ಬ್ಯಾಗಿನ ಫೋಟೋ ಇಲ್ಲಿ ಹಾಕಿದ್ದೆ, ಅದಕ್ಕೆ ನಕ್ಕವರೇ ಜಾಸ್ತಿ. ಹಾಲಿನ ಪದಾರ್ಥ ಈ ದೇಶದೊಳಗೆ ತರೋ ಹಾಗಿಲ್ಲ ಅಂತ ಬೆಳಗಾವಿ ಕುಂದಾ ಬಿಟ್ಟು ಬಂದೆ. 50 ಖಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ (ಚಟ್ನಿಪುಡಿಗೆ ನಮ್ಮ ಕಡೆ ಹಿಂಡಿ ಅಂತೀವಿ) ಆರಾಮಾಗಿ ಬಂದವು. ಏರ್‌ಪೋರ್ಟ್‌ನಲ್ಲಿ ಯಾರೂ ತಡೆಯಲಿಲ್ಲ. ತಡೆದದ್ದು ಅಕ್ಕನ ಮಗ.

ಇವತ್ತು ಶನಿವಾರ, ಊರು ತೋರಿಸೋ ದಿನ. ಬೆಳಿಗ್ಗೆ ಸೇಂಟ್ ಪಾಲ್ಸ್ ಚರ್ಚ್. ಟಿಕೆಟ್ ತಲೆಗೆ 20 ಪೌಂಡಿಗೂ ಮೇಲೆ. ನಮ್ಮವರು ಒಳಗೆ ಕಾಲಿಟ್ಟವರೇ ಕತ್ತೆತ್ತಿ ಗುಮ್ಮಟ ನೋಡಿದರು. "ಇದು ಮುಗದದ್ದು 1710ರಾಗ. ನಮ್ಮ ಗೋಳಗುಮ್ಮಟ 1656ರಾಗ" ಅಂದರು. ಪಿಸುಗುಟ್ಟಿದರೆ ಆ ಕಡೆ ಗೋಡೆಗೆ ಕೇಳೋ ಗ್ಯಾಲರಿ ಎರಡರಲ್ಲೂ ಇದೆ ಅಂತ ಗೊತ್ತಾದ ಮೇಲಂತೂ ಮುಗೀತು. ಸಂಜೆವರೆಗೆ ಅದೇ ಮಾತು. ಅದಕ್ಕೆ ನನ್ನ ತಕರಾರಿಲ್ಲ. ಮೂವತ್ತು ವರ್ಷದಿಂದ ಕೇಳ್ತಾ ಬಂದಿದ್ದೀನಿ.

ಮಧ್ಯಾಹ್ನ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ಗೆ ಕರ್ಕೊಂಡು ಹೋಗು ಅಂತ ನಾನೇ ಹಟ ಹಿಡಿದೆ. ಅಲ್ಲಿ ನಮ್ಮ ಬಸವಣ್ಣ ಇದ್ದಾನಲ್ಲ. 2015ರ ನವೆಂಬರ್ 14ಕ್ಕೆ ಪ್ರಧಾನಿ ಮೋದಿ ಅನಾವರಣ ಮಾಡಿದ ಪ್ರತಿಮೆ. ಎಂಟು ವರ್ಷದಿಂದ ಇದೇ ಊರಲ್ಲಿರೋ ಹುಡುಗ ಒಮ್ಮೆಯೂ ನೋಡಿಲ್ಲ! "ಒಂದು ಸ್ಟ್ಯಾಚೂ ಅದ ಚಿಗವ್ವ, ಐದು ನಿಮಿಷದ ಕೆಲಸ" ಅಂದ. ಬಸವನ ಬಾಗೇವಾಡಿ ನಮ್ಮ ಮನೆಯಿಂದ 40 ಕಿಲೋಮೀಟರ್ ಚಿಲ್ಲರೆ. ಅಲ್ಲಿ ಹುಟ್ಟಿದವನು ಇಲ್ಲಿ ಥೇಮ್ಸ್ ದಂಡೆ ಮೇಲೆ ನಿಂತಿದ್ದಾನೆ, ಹೊಳೆಯ ಆಚೆ ದಂಡೆಗೆ ಇವರ ಪಾರ್ಲಿಮೆಂಟು. ಕೈ ಮುಗಿದೆ. ಕಣ್ಣಲ್ಲಿ ನೀರು ಬಂತು. ಹೊಟ್ಟೆಯೂ ಚುರ್ ಅಂತಿತ್ತು, ಗಂಟೆ ಎರಡಾಗಿತ್ತು.

ಅಲ್ಲೇ ಬೆಂಚಿನ ಮೇಲೆ ಕೂತು ಗಂಟು ಬಿಚ್ಚಿದೆ.

"ಚಿಗವ್ವ, ಇಲ್ಲಿ ಬ್ಯಾಡ. ಮಂದಿ ನೋಡ್ತಾರ."

ಪಕ್ಕದ ಬೆಂಚಿನಲ್ಲಿ ಒಬ್ಬ ಸೂಟು ಹಾಕಿದವನು ಕೂತಿದ್ದ. ಕಾಗದ ಬಿಚ್ಚಿ, ಎರಡೂ ಕೈಯಲ್ಲಿ ಹಿಡಿದು ತಿಂತಾ ಇದ್ದ. ಟೈ ಮೇಲೆ ಏನೋ ಬೆಳ್ಳಗೆ ಸುರಿದಿತ್ತು. ಅವನ ಕಡೆ ಕಣ್ಣಲ್ಲೇ ತೋರಿಸಿದೆ.

"ಅದು ಸ್ಯಾಂಡ್‌ವಿಚ್ ಚಿಗವ್ವ."

ಹೌದಾ? ಬ್ರೆಡ್ಡಿನ ನಡುವೆ ಏನೋ ಹಚ್ಚಿ ತಿಂದರೆ ಲಂಚು. ರೊಟ್ಟಿ ಮೇಲೆ ಹಿಂಡಿ ಹಚ್ಚಿ ತಿಂದರೆ ಮರ್ಯಾದೆ ಹೋಗೋದು. ಆಯ್ತಪ್ಪ.

ಬೆಳ್ಳುಳ್ಳಿ ವಾಸನೆ ಬರುತ್ತೆ, ಒಂದೊಂದು ದೇಶಕ್ಕೆ ಒಂದೊಂದು ರೀತಿ ಇರುತ್ತೆ ಅಂತಾನೆ. ಸರಿ, ಒಪ್ಪಿದೆ. ಮೊನ್ನೆ ಮ್ಯೂಸಿಯಂ ಒಳಗೆ ನಾನು ಡಬ್ಬಿ ತೆಗೆದಿಲ್ಲ. ನೆಲದಡಿ ಓಡೋ ರೈಲಿನಲ್ಲಿ ಮಂದಿ ಒಬ್ಬರ ಮೇಲೊಬ್ಬರು ನಿಂತಿರುವಾಗ ತೆಗೆಯೋಕೆ ನನಗೇನು ಹುಚ್ಚಾ? ಇದು ಬಯಲು. ಹೊಳೆ ಕಡೆಯಿಂದ ನಮ್ಮವರ ಟೊಪ್ಪಿಗೆ ಹಾರಿಸೋಂಥ ಗಾಳಿ. ಅದರಲ್ಲಿ ನನ್ನ ಬೆಳ್ಳುಳ್ಳಿ ಯಾರ ಮೂಗಿಗೆ ಮುಟ್ಟುತ್ತೆ?

ಇನ್ನೊಂದು ಹೇಳ್ತೀನಿ. ಈ ಮನೆಯಲ್ಲಿ ಗ್ಲುಟೆನ್ ಫ್ರೀ, ಅಂದರೆ ಗೋಧಿಯಲ್ಲಿರೋ ಅಂಟು ಇಲ್ಲದ್ದು, ಅಂತ ಬರೆದ ಬಿಸ್ಕಿಟಿನಂಥ ಒಣ ಹಪ್ಪಳದ ಡಬ್ಬಿ ಊಟದ ಟೇಬಲ್ ಮೇಲೇ ಇರುತ್ತೆ. ಬಂದವರಿಗೆಲ್ಲ ಕೊಡ್ತಾರೆ. ಜೋಳದಲ್ಲಿ ಗ್ಲುಟೆನ್ ಇಲ್ಲವೇ ಇಲ್ಲ. ನಮ್ಮ ಎರೆಹೊಲದಲ್ಲಿ ಹಿಂಗಾರಿಗೆ ಬೆಳೆಯೋ ಬಿಳಿಜೋಳದ ಮೇಲೆ ಯಾರೂ ಚೀಟಿ ಅಂಟಿಸಿಲ್ಲ, ಅಷ್ಟೇ. 2023ನ್ನು ವಿಶ್ವಸಂಸ್ಥೆಯವರೇ ಸಿರಿಧಾನ್ಯ ವರ್ಷ ಅಂದರು, ಅದರಲ್ಲಿ ಜೋಳವೂ ಬಂತು. ನನ್ನ ರೊಟ್ಟಿ ಮಾತ್ರ ಫ್ರಿಜ್ಜಿನ ಮೇಲೆ, ಪೇಪರಲ್ಲಿ ಸುತ್ತಿಸಿಕೊಂಡು ಮೂಲೆ ಹಿಡಿದಿದೆ.

ಬಿಡಿ. ನಾನು ತಿಂದೆ. ಅವನು ಹತ್ತು ಹೆಜ್ಜೆ ದೂರ ಹೋಗಿ, ನಮಗೂ ತನಗೂ ಸಂಬಂಧವೇ ಇಲ್ಲ ಅನ್ನೋ ಹಾಗೆ ಮೊಬೈಲ್ ನೋಡ್ತಾ ನಿಂತ. ಈಗ ಯಾರೋ ಇಂಗ್ಲಿಷ್ ಅಜ್ಜಿ ಬಂದು, ಒಂದು ಚೂರು ರೊಟ್ಟಿ ಬಾಯಿಗಿಟ್ಟು ಆಹಾ ಅಂದಳು ಅಂತ ಬರೀತೀನಿ ಅಂದ್ಕೊಂಡಿರಾ? ಯಾರೂ ಬರಲಿಲ್ಲ. ಮಂದಿ ನೋಡ್ತಾರೆ ಅಂತ ಹೆದರಿದ್ದನಲ್ಲ, ಒಬ್ಬರೂ ತಿರುಗಿ ನೋಡಲಿಲ್ಲ. ಬಂದದ್ದು ಮೂರು ಪಾರಿವಾಳ. ಚೂರು ಆರಿಸಿಕೊಂಡು ಹೋದವು.

ಆಮೇಲೆ ಅವನ ಮುಖ ನೋಡಲಾರದೆ ಗಂಟು ಕಟ್ಟಿ ಕೆಫೆಗೆ ಹೋದೆವು. ನಾಲ್ಕು ತಣ್ಣನೆ ಚೀಸ್ ಸ್ಯಾಂಡ್‌ವಿಚ್, ನಾಲ್ಕು ಚಹಾ, ಹತ್ತಿರ ಹತ್ತಿರ 50 ಪೌಂಡ್. ನಮ್ಮವರು ಮನಸ್ಸಲ್ಲೇ ರೂಪಾಯಿ ಲೆಕ್ಕ ಹಾಕಿ, ಐದು ಸಾವಿರ ದಾಟಿದ ಮೇಲೆ ಚಹಾ ಕುಡಿಯೋದನ್ನೇ ನಿಲ್ಲಿಸಿದರು.

ಇಷ್ಟೆಲ್ಲ ಬೈದೆ. ಈಗ ನನ್ನದೂ ಒಂದಿದೆ. 1988ರಲ್ಲಿ ಬೆಂಗಳೂರಿನ ಹಾಸ್ಟೆಲ್‌ನಲ್ಲಿದ್ದಾಗ ಅವ್ವ ತಿಂಗಳಿಗೊಮ್ಮೆ ರೊಟ್ಟಿ ಕಳಿಸ್ತಿದ್ದಳು. ಲೈಟ್ ಆರಿದ ಮೇಲೆ ಹೊದಿಕೆಯೊಳಗೆ ಕೂತು ತಿಂತಿದ್ದೆ. ಒಂದು ರಾತ್ರಿ ಪಕ್ಕದ ಮಂಚದವಳು, "ಏನೇ ಅದು ಕಟಕಟ ಸದ್ದು?" ಅಂದಳು. "ಇಲಿ ಇರಬೇಕು" ಅಂದೆ. ಮರುದಿನದಿಂದ ಲೋಟದ ನೀರಲ್ಲಿ ಅದ್ದಿ, ಮೆತ್ತಗೆ ಮಾಡಿ ತಿಂದೆ. ಸಪ್ಪಳ ಆಗಬಾರದಲ್ಲ. ಎರಡು ವರ್ಷ ಹಾಗೇ ತಿಂದಿದ್ದೀನಿ. ಅವ್ವನಿಗೆ ಮಾತ್ರ ಪ್ರತಿ ಪತ್ರದಲ್ಲೂ, "ಗೆಳತಿಯರೆಲ್ಲ ಕಸಗೊಂಡು ತಿಂದರು" ಅಂತ ಬರೀತಿದ್ದೆ.

ಇದನ್ನ ಹುಡುಗನಿಗೆ ಹೇಳಿಲ್ಲ. ಇಲ್ಲಿ ಓದಿದರೆ ಓದಲಿ.

ನಾಳೆ ಗ್ರೀನಿಚ್‌ಗೆ ಕರ್ಕೊಂಡು ಹೋಗ್ತಾನಂತೆ. ಅಲ್ಲಿ ದೊಡ್ಡ ಹುಲ್ಲಿನ ಗುಡ್ಡ ಇದೆ, ಮಂದಿಯೆಲ್ಲ ಹಾಸಿಕೊಂಡು ಕೂತಿರ್ತಾರೆ ಅಂದ. ಎಣಿಸಿ ನೋಡಿದೆ, ಇನ್ನೂ 12 ರೊಟ್ಟಿ ಉಳಿದಿವೆ. ಚೀಲ ನಾನೇ ಹಿಡ್ಕೋತೀನಿ.